ಅಕ್ಕ ಅಂದ ಕೊನೆಯ ‘ಸಾಕು’

ಲೋಕದಲ್ಲಿ ಒಂದೇ ಒಂದು ಇರುವ ಕಾರು ಎಂದರೆ ಜನ ಕಣ್ಣರಳಿಸುತ್ತಾರೆ. ನನಗೆ ಮಾತ್ರ ಅದರ ಹೆಸರೆತ್ತಿದರೆ ಮೈ ಉರಿಯುತ್ತದೆ. ಯಾರೋ ದುಡ್ಡಿದ್ದವರು ಗಾಳಿಯ ಹಾಗೆ ಓಡುವ ಗಾಡಿಯೊಂದನ್ನು ಕೊಳ್ಳುತ್ತಾರೆ, ಅದರ ಹೊರಮೈಯನ್ನು ಕಳಚಿ ಮೂಲೆಗೆಸೆಯುತ್ತಾರೆ, ಬೇರೆ ಯಾರ ಹತ್ತಿರವೂ ಇಲ್ಲದಂಥ ಹೊಸ ಮೈ ಮಾಡಿಸಿಕೊಳ್ಳುತ್ತಾರೆ. ಆಮೇಲೆ ರಸ್ತೆಯಲ್ಲಿ ಉಬ್ಬು ಕಂಡರೆ ಗಾಬರಿ, ಪಕ್ಕದಲ್ಲಿ ಸೈಕಲ್ಲು ಬಂದರೆ ಗಾಬರಿ. ಇದರಲ್ಲಿ ಗತ್ತೇನು ಬಂತು ಎಂದು ನಾನು ಕೇಳಿದಾಗೆಲ್ಲ ಭಾವ ನಗುತ್ತಿದ್ದರು. ಅಂಥದ್ದೊಂದು ಮೈಯನ್ನು ತಗಡಿನಿಂದ ಬಡಿದು ಮಾಡಿದವರು ಅವರೇ.

ಭಾವ ಅಂದರೆ ನನ್ನ ಅಕ್ಕನ ಗಂಡ, ಕಾರುಗಳ ತಗಡಿನ ಕೆಲಸದ ಮೇಸ್ತ್ರಿ. ಅವರ ಮನೆಗೂ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅತ್ತ ಏಟು ಬಿದ್ದರೆ ಇತ್ತ ಅಡುಗೆಮನೆಯ ಡಬ್ಬಿಗಳೆಲ್ಲ ಗಡಗಡ ಎನ್ನುತ್ತಿದ್ದವು. ಆ ಗೋಡೆಗೊಂದು ಕಿಟಕಿ. ಕಿಟಕಿಯ ಬಳಿ ಅಕ್ಕ ಹೊಲಿಗೆ ಮಷಿನ್ ಇಟ್ಟುಕೊಂಡು ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದಳು.

ಮರಳು ತುಂಬಿದ ಚೀಲದ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಬಡಿಯುತ್ತ ಹೋದರೆ ಅದು ನಿಧಾನಕ್ಕೆ ಉಬ್ಬುತ್ತದೆ. ಬಡಿಯುವುದನ್ನು ಯಾರು ಬೇಕಾದರೂ ಕಲಿತಾರು, ನಿಲ್ಲಿಸುವುದೇ ಕಷ್ಟ. ಒಂದು ಏಟು ಹೆಚ್ಚಾದರೂ ತಗಡು ಹಿಗ್ಗಿ, ಹಳೇ ಡಬ್ಬಿಯ ಮುಚ್ಚಳದ ಹಾಗೆ ಟಕಟಕ ಎನ್ನತೊಡಗುತ್ತದೆ. ಭಾವನಿಗೋ, ‘ಇನ್ನೊಂದೇ ಏಟು’ ಎನ್ನುವ ಚಟ. ಅಕ್ಕ ಹೊಲಿಯುತ್ತಲೇ ಕೊಡತಿಯ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ಸ್ವಲ್ಪ ತೆಳ್ಳಗಾಯಿತೋ, ಮಷಿನ್ ನಿಲ್ಲಿಸಿ ಕಿಟಕಿಯಿಂದ ಕೂಗುತ್ತಿದ್ದಳು: ‘ಸಾಕು.’ ಭಾವನ ಕೈ ಅಲ್ಲಿಗೇ ನಿಲ್ಲುತ್ತಿತ್ತು. ಊಟದ ತಟ್ಟೆಯ ಮುಂದೆ ಸಾಕು ಅನ್ನುವ ಅಧಿಕಾರ ಭಾವನದು, ತಗಡಿನ ಮುಂದೆ ಅಕ್ಕನದು ಎಂದು ನಾನು ರೇಗಿಸುತ್ತಿದ್ದೆ. ಶೆಡ್ಡಿನ ಕೆಲಸದವರೂ ಅವಳ ಸಾಕು ಬಿದ್ದ ತಗಡನ್ನು ಮತ್ತೆ ಮುಟ್ಟುತ್ತಿರಲಿಲ್ಲ.

ನಾವು ಸಾಹುಕಾರ ಎಂದು ಕರೆಯುವವರು ಆ ಕಾರು ತಂದು ನಿಲ್ಲಿಸಿದಾಗ ಅಕ್ಕನ ಹೃದಯ ಆಗಲೇ ಸೋತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವಳನ್ನು ನೋಡಿಕೊಳ್ಳಲು ನಾನು ಬಂದೆ. ಮಷಿನ್ ಎತ್ತಿಟ್ಟು, ಅದೇ ಕಿಟಕಿಯ ಕೆಳಗೆ ಅವಳ ಮಂಚ ಹಾಕಿದೆವು. ಕೆಲಸ ಬಿಟ್ಟುಬಿಡಿ ಭಾವ ಎಂದು ನಾನು ಜಗಳಕ್ಕೇ ನಿಂತಿದ್ದೆ. ಬಿಡಬೇಡಿ, ಸದ್ದಿದ್ದರೆ ನನಗೂ ಹೊತ್ತು ಹೋಗುತ್ತದೆ ಎಂದವಳು ಅಕ್ಕನೇ.

ಒಂದು ಸಂಜೆ ಭಾವ ಕಾಫಿ ಕುಡಿಯುತ್ತ, ಇಂಥ ಗಾಡಿ ಇಡೀ ಲೋಕದಲ್ಲಿ ಇನ್ನೊಂದಿಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದರು. ಅಕ್ಕ ಮಲಗಿದ್ದಲ್ಲಿಂದಲೇ ಮೂಗು ಮುರಿದಳು.

“ಒಂದೇ ಒಂದು ಇದ್ರೆ ಗತ್ತಾ? ನಾನೂ ಒಬ್ಬಳೇ ಇರೋದು. ನನ್ನ ನೋಡೋಕೆ ಯಾರು ಬರ್ತಾರೆ?”

“ನಿನ್ನ ನೋಡೋಕೆ ನಾನಿದ್ದೀನಲ್ಲ,” ಅಂದರು ಭಾವ.

ಅಕ್ಕ ನಕ್ಕಳು. ನಕ್ಕದ್ದಕ್ಕೇ ಕೆಮ್ಮು ಬಂತು, ನಾನು ಇಬ್ಬರನ್ನೂ ಬೈದೆ.

ಹಿಂದಿನ ಎಡ ಚಕ್ರದ ಮಡ್‌ಗಾರ್ಡ್ ಮಾಡುತ್ತಿದ್ದ ಮಧ್ಯಾಹ್ನ ನಾನು ಮಾತ್ರೆ ತರಲು ಅಂಗಡಿಗೆ ಹೋಗಿದ್ದೆ. ಹಿಂತಿರುಗುವಾಗ ಶೆಡ್ಡಿನ ಬಾಗಿಲಲ್ಲಿ ಇಣುಕಿದೆ. ಆ ಮಡ್‌ಗಾರ್ಡ್ ಗೋಡೆಗೆ ಒರಗಿತ್ತು. ಭಾವ ಬೇರೊಂದು ತಗಡಿಗೆ ಅರ ಉಜ್ಜುತ್ತಿದ್ದರು, ಮುಖದ ತುಂಬ ಖುಷಿ.

“ನಿಮ್ಮಕ್ಕ ಇವತ್ತು ಬೇಗ ಸಾಕು ಅಂದ್ಲು,” ಅಂದರು. “ಮೈ ಸೋತರೂ ಕಿವಿ ಸೋತಿಲ್ಲ ನೋಡು. ಆಯ್ತು ಕಣೇ ಅಂದು ಪಕ್ಕಕ್ಕಿಟ್ಟೆ.”

ನಾನು ಒಳಗೆ ಹೋದೆ. ಅಕ್ಕ ಅರ್ಧ ಎದ್ದು ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ಹಿಡಿದ ಬೆರಳು ಹಾಗೇ ಇದ್ದವು, ಉಸಿರಿರಲಿಲ್ಲ. ನಾನು ಕಿರುಚಿದಾಗಲೇ ಅರದ ಸದ್ದು ನಿಂತದ್ದು.

ಆಮೇಲೆ ಭಾವ ಶೆಡ್ಡಿಗೆ ಕಾಲಿಡಲಿಲ್ಲ. ಗಾಡಿ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಅಮ್ಮ ಸಾಕು ಅಂದಿದ್ದಾರಲ್ಲ ಎಂದು ಕೆಲಸದವರು ಆ ಮಡ್‌ಗಾರ್ಡನ್ನು ಇದ್ದ ಹಾಗೇ ಕೂರಿಸಿದರು, ಪೇಂಟರ್ ಪುಟ್ಟಿ ತುಂಬಿ ಬಣ್ಣ ಹೊಡೆದ, ಗಾಡಿ ಹೊರಟುಹೋಯಿತು. ಮನೆಯಲ್ಲಿ ಉಳಿದದ್ದು ಭಾವನ ಒಂದೇ ಪ್ರಶ್ನೆ. ಆ ಸಾಕು ತಗಡಿಗೆ ಅಂದದ್ದೋ, ತನಗೆ ಅಂದದ್ದೋ? ಕೆಲಸ ಸಾಕು, ಇಲ್ಲಿ ಬನ್ನಿ ಎಂದು ಕರೆದಳೇ? ಅನ್ನ ಕಲಸಿಟ್ಟುಕೊಂಡು ಅದನ್ನೇ ಕೇಳುತ್ತಿದ್ದರು. ತಗಡಿಗೇ ಭಾವ, ಇನ್ಯಾವುದಕ್ಕೆ, ಎಂದು ನಾನು ಗದರಿಸುತ್ತಿದ್ದೆ. ನನಗೇನು ಗೊತ್ತಿತ್ತು, ಮಣ್ಣು. ತಗ್ಗು ಮುಚ್ಚಲು ಪುಟ್ಟಿ ಎಷ್ಟು ಹಿಡಿಯಿತು ಎಂದು ಭಾವ ಪೇಂಟರನ್ನು ಕೇಳಿದರೆ ಅವನು ಎತ್ತಲೋ ನೋಡುತ್ತ, ನೆನಪಿಲ್ಲ ಮೇಸ್ತ್ರಿ ಅಂದ.

ಕಾರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಸಾಹುಕಾರರೇ ಕರೆ ಕಳಿಸಿದರು. ನಾನು ಬೇಡ ಅಂದೆ. ಭಾವ ಶರ್ಟು ಇಸ್ತ್ರಿ ಮಾಡಿಸಿಕೊಂಡು ಹೊರಟೇಬಿಟ್ಟರು, ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹತ್ತಿದೆ. ಬಸ್ಸಿನಲ್ಲಿ ಅವರು ನನಗೆ ಬಿಡಿಸಿ ಹೇಳಿದರು. ಹೊರಗೆ ಬಣ್ಣವಿದ್ದರೂ ತಗಡಿನ ಒಳಮೈ ಬರಿದಾಗಿರುತ್ತದೆ. ಅಲ್ಲಿ ಕೈ ಆಡಿಸಿದರೆ ಗೊತ್ತಾಗುತ್ತದೆ. ತಗಡು ಹದಕ್ಕೆ ಬಂದಿದ್ದರೆ ಅಕ್ಕ ಅಂದದ್ದು ತಗಡಿಗೆ. ಬಂದಿರದಿದ್ದರೆ ಎನ್ನುವ ಕಡೆ ಅವರ ಮಾತು ನಿಂತಿತು. ನಾನು ನಂಬಿದ ದೇವರನ್ನೆಲ್ಲ ಬೇಡಿಕೊಂಡೆ, ಒಂದು ತಗಡು ಸರಿಯಾಗಿರಲಿ ಎಂದು.

ಗಾಡಿ ದೀಪಗಳ ಕೆಳಗೆ ನಿಂತಿತ್ತು. ಸುಳ್ಳೇಕೆ ಹೇಳಲಿ, ಚೆಂದವಿತ್ತು. ನೋಡಿದ ಕೂಡಲೇ ನನ್ನ ಕಾಲೂ ನಿಂತಿತು, ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಆ ಗಾಡಿಗೆ ಇಂಜಿನ್ ಹಿಂದುಗಡೆ, ಅದು ಕಾಣಲೆಂದು ಹಿಂದಿನ ಮುಚ್ಚಳ ಎತ್ತಿಟ್ಟಿದ್ದರು. ಹತ್ತಿರ ಹೋದ ಭಾವನನ್ನು ಕಾವಲಿನವನು ತಡೆದ, ಸಾಹುಕಾರರು ಬಂದು ಬಿಡಿಸಿದರು. ಇವರೇ ನನ್ನ ಮೇಸ್ತ್ರಿ ಎಂದು ಸುತ್ತ ನಿಂತವರಿಗೆಲ್ಲ ಹೇಳಿದರು, ಜನ ಚಪ್ಪಾಳೆ ತಟ್ಟಿದರು.

ಭಾವ ಕಣ್ಣು ಮುಚ್ಚಿ ಎಡಗೈಯನ್ನು ಆ ಮಡ್‌ಗಾರ್ಡಿನ ಒಳಮೈಗೆ ಇಳಿಸಿದರು. ಅಂಗೈ ಮೆಲ್ಲಗೆ ಮೇಲಿಂದ ಕೆಳಗೆ ಬಂತು. ನಡುವೆ ಒಂದು ಕಡೆ ನಿಂತಿತು, ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ನಾನು ಅವರ ಮುಖ ನೋಡುತ್ತಿದ್ದೆ. ಅವರು ಬಾಯಿ ಬಿಡುವ ಮೊದಲೇ ನನಗೆ ತಿಳಿಯಿತು.

“ಏಟಿನ ಗುಳಿ ಹಾಗೇ ಇದೆ,” ಅಂದರು. “ಇನ್ನೂ ಅರ್ಧ ದಿನದ ಕೆಲಸ ಇತ್ತು ಇದರಲ್ಲಿ.”

ಅವರ ಕೈ ಹೊರಗೆ ಬರಲಿಲ್ಲ. ನಾನೇ ಹಿಡಿದು ತೆಗೆದೆ. ಸಾಹುಕಾರರು ಹತ್ತಿರ ಬಂದು, ಹೇಗಿದೆ ಮೇಸ್ತ್ರಿ, ಗತ್ತಾಗಿದೆಯಲ್ಲ ಎಂದು ಕೇಳಿದರು. ಪಾಪ, ಅವರದೇನು ತಪ್ಪು. ಚೆನ್ನಾಗಿದೆ ಸ್ವಾಮಿ ಎಂದರು ಭಾವ.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಆ ಎಡಗೈಯನ್ನು ಮಗುಚಿ ಇಟ್ಟುಕೊಂಡಿದ್ದರು. ನಮ್ಮ ನಿಲ್ದಾಣ ಬರುವ ಹೊತ್ತಿಗೆ ಬಾಯಿ ತೆರೆದರು.

“ಯಾವತ್ತೂ ಕರೆಯೋ ಹಾಗೆ ಕರೀಬಹುದಿತ್ತಲ್ಲ ಅವಳು. ಒಂದೇ ಒಂದು ಸಲ ‘ರೀ’ ಅಂದಿದ್ರೆ ಸಾಕಿತ್ತು.”