ಶ್ರೀಕಾರ ಹಾಕಿದ ದೂರುಗಳು

ವಯಸ್ಸಾದವನು ನಿಧಾನವಾದರೆ ಜನ ಅದಕ್ಕೆ ಗಾಂಭೀರ್ಯ ಅನ್ನುತ್ತಾರೆ. ಕಂಪ್ಯೂಟರ್ ನಿಧಾನವಾದರೆ ಮಾತ್ರ ರೋಗ ಅನ್ನುತ್ತಾರೆ. ಈ ಪಕ್ಷಪಾತದ ಲಾಭವನ್ನು ನಾನು ಬಹಳ ದಿನದಿಂದ ಉಣ್ಣುತ್ತಿದ್ದೇನೆ. ನಾನು ಬಸ್ಸಿನಿಂದ ಇಳಿಯುವ ತನಕ ಕಂಡಕ್ಟರ್ ಸೀಟಿ ಊದದೆ ಕಾಯುತ್ತಾನೆ. ಲಿಫ್ಟಿನ ಬಾಗಿಲನ್ನು ಯಾರಾದರೂ ಹಿಡಿದು ನಿಲ್ಲುತ್ತಾರೆ. ಮಾತಿನ ನಡುವೆ ನಾನು ತಡವರಿಸಿದರೆ, ‘ಕಾಕಾ ವಿಚಾರ ಮಾಡಿ ಮಾತಾಡ್ತಾರ’ ಎಂದು ಎದುರಿನವರು ಸುಮ್ಮನಾಗುತ್ತಾರೆ. ವಿಚಾರ ಗಿಚಾರ ಏನೂ ಇರುವುದಿಲ್ಲ, ಶಬ್ದ ಮರೆತಿರುತ್ತದೆ ಅಷ್ಟೇ. ಇಂಥ ಮರ್ಯಾದೆಯ ಮರೆಯಲ್ಲಿ ಕುಳಿತೇ ನಾನು ಇತ್ತೀಚೆಗೆ ಎರಡು ತಪ್ಪು ಮಾಡಿದೆ. ಮೊದಲನೆಯದು ನಗು ಬರುವಂಥದ್ದು. ಎರಡನೆಯದಕ್ಕೆ ನೀವು ನಗದಿದ್ದರೂ ನನಗೆ ಬೇಸರವಿಲ್ಲ.

ನಾನು ಇಂಡಿ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿ ಪುಣೆಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಮನೆ ಧನಕವಡಿಯಲ್ಲಿ, ಕೆಲಸ ವಿಮಾನ ನಗರದಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದರಿಂದ ಬೇರೆ ತೀರ್ಥಯಾತ್ರೆಯ ಆಸೆ ನನಗಿಲ್ಲ. ನಮ್ಮ ಕಂಪನಿ ಹಾಲಿನ ಡೇರಿಗಳಿಗೆ ಹಾಲು ತಂಪಾಗಿಡುವ ಟ್ಯಾಂಕುಗಳನ್ನು ಮಾರುತ್ತದೆ, ಕೆಟ್ಟರೆ ರಿಪೇರಿ ಮಾಡಿಕೊಡುತ್ತದೆ. ಕೆಟ್ಟಿದೆ ಎಂದು ಬರುವ ಫೋನುಗಳನ್ನು ಎತ್ತುವುದು ನನ್ನ ಕೆಲಸ. ಮೊದಲು ದೂರುಗಳನ್ನು ಕೈಯಲ್ಲಿ ಬರೆದುಕೊಳ್ಳುತ್ತಿದ್ದೆ. ಈಗ ಕಂಪ್ಯೂಟರಿನಲ್ಲಿ ಮರಾಠಿಯಲ್ಲಿ ಟೈಪ್ ಮಾಡುತ್ತೇನೆ. ಹಾಗೆ ಟೈಪ್ ಮಾಡಿದ ದೂರಿಗೆ ಟಿಕೆಟ್ ಅನ್ನುತ್ತಾರೆ. ಆ ಟಿಕೆಟ್ ನೋಡಿ ಮೆಕ್ಯಾನಿಕ್ ಹೊರಡುತ್ತಾನೆ. ರಿಟೈರ್ ಆದ ಮೇಲೂ ನನ್ನನ್ನು ಬಿಡದೆ ಇಟ್ಟುಕೊಂಡಿದ್ದಾರೆ. ಬೈಸಿಕೊಳ್ಳುವ ಕಲೆ ಹೊಸಬರಿಗೆ ಬೇಗ ಹತ್ತುವುದಿಲ್ಲವಲ್ಲ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಟಿಕೆಟ್ಟಿನ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಿದರು. ಅಪ್‌ಗ್ರೇಡ್ ಎಂಬುದರ ಬಗ್ಗೆ ನನಗೆ ಮೊದಲಿನಿಂದ ಸ್ವಲ್ಪ ಗುಮಾನಿ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದೆ. ಲೋಕವೆಲ್ಲ ಬೆಳ್ಳಗೆ ಕಂಡಿತು, ನಿಜ. ಆದರೆ ಅಡುಗೆಮನೆಯ ಮೂಲೆಯ ಜೇಡರ ಬಲೆ ಮತ್ತು ಕನ್ನಡಿಯೊಳಗಿನ ನನ್ನ ಮುಖ, ಇವೆರಡೂ ಅವತ್ತೇ ಮೊದಲ ಸಲ ಸ್ಪಷ್ಟವಾಗಿ ಕಂಡವು. ಹಲ್ಲಿನ ಸೆಟ್ಟು ಹಾಕಿಸಿಕೊಂಡೆ. ಚಕ್ಕುಲಿ ತಿನ್ನಲು ಬಂತು, ಸಿಳ್ಳೆ ಹಾಕುವುದು ಹೋಯಿತು.

ಅಪ್‌ಗ್ರೇಡ್ ಮಾಡಿದವಳು ಚೈತ್ರಾ. ಹಾಸನದ ಕಡೆಯ ಹುಡುಗಿ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಇನ್ನೂ ಪ್ರೊಬೇಷನ್ ಮೇಲಿದ್ದಳು. ಆಫೀಸಿನಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಆದರೂ ನಮ್ಮಿಬ್ಬರ ಕನ್ನಡಗಳಿಗೆ ಪರಿಚಯವಾಗಲು ಒಂದು ವಾರ ಹಿಡಿಯಿತು. ಎಲ್ಲರೂ ನನ್ನನ್ನು ಕಾಕಾ ಎಂದರೆ ಅವಳು ಮಾತ್ರ ಅಂಕಲ್ ಅನ್ನುತ್ತಿದ್ದಳು. ಮಧ್ಯಾಹ್ನ ನನ್ನ ಡಬ್ಬಿಯಿಂದ ಶೇಂಗಾ ಚಟ್ನಿ ತೆಗೆದುಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ ತಿನ್ನುತ್ತಿದ್ದಳು.

ಅಪ್‌ಗ್ರೇಡ್ ಆದ ಮರುದಿನದಿಂದಲೇ ಕಷ್ಟ ಶುರುವಾಯಿತು. ದೂರು ಟೈಪ್ ಮಾಡಲು ಹೋದರೆ ತೆರೆಯ ಮೇಲೆ ಒಂದು ಸಣ್ಣ ಚಕ್ರ ತಿರುಗುತ್ತ ಕೂರುತ್ತಿತ್ತು. ನಾನು ಅದನ್ನು ನೋಡುತ್ತ ಕೂರುತ್ತಿದ್ದೆ. ಫೋನಿನ ಆ ಕಡೆ ಡೇರಿಯವರು ಬೈಯುತ್ತ ಕೂರುತ್ತಿದ್ದರು. ಟಿಕೆಟ್ ಆಗದೆ ಮೆಕ್ಯಾನಿಕ್ ಹೊರಡುವಂತಿಲ್ಲ, ಮೆಕ್ಯಾನಿಕ್ ಬಾರದೆ ಟ್ಯಾಂಕು ತಂಪಾಗುವಂತಿಲ್ಲ. ಹಾಲಿಗೆ ಸಾಫ್ಟ್‌ವೇರಿನ ತಾಪತ್ರಯ ಅರ್ಥವಾಗುವುದಿಲ್ಲ. ಅದು ತನ್ನ ಹೊತ್ತಿಗೆ ಒಡೆಯುತ್ತದೆ.

ನಮ್ಮ ಮ್ಯಾನೇಜರ್ ಕುಲಕರ್ಣಿ ಸಾಹೇಬರು ನನ್ನ ಟೇಬಲ್ಲಿನ ಹತ್ತಿರ ಬಂದು, ‘ಏನಾಯಿತು ಕಾಕಾ?’ ಎಂದು ಮರಾಠಿಯಲ್ಲಿ ಕೇಳಿದರು. ನನಗೇನು ಗೊತ್ತು? ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಅನ್ನುವುದಕ್ಕೆ ಮುದುಕರ ನಾಲಿಗೆ ಹೊರಳುವುದಿಲ್ಲ. ನಾನು ನಿಟ್ಟುಸಿರು ಬಿಟ್ಟು, ‘ಅವಸರ ಮಾಡಬೇಡ ಅಂತ ನಾನು ಮೊದಲೇ ಹೇಳಿದ್ದೆ ಸಾಹೇಬರೇ. ಹುಡುಗಿ ಕೇಳಲಿಲ್ಲ’ ಅಂದೆ.

ನಾನು ಹಾಗೆ ಹೇಳಿರಲೇ ಇಲ್ಲ. ಅಪ್‌ಗ್ರೇಡಿನ ದಿನ ನಾನು ಅವಳಿಗೆ ಹೇಳಿದ್ದು, ‘ಜಲ್ದಿ ಮುಗಸವಾ, ಬಸ್ಸು ತಪ್ಪತದ’ ಎಂದು.

ಎಲ್ಲ ಆದ ಮೇಲೆ ‘ನಾನು ಮೊದಲೇ ಹೇಳಿದ್ದೆ’ ಅನ್ನುವುದು ನಮ್ಮ ವಯಸ್ಸಿನವರಿಗೆ ಎಲೆ ಅಡಿಕೆ ಇದ್ದ ಹಾಗೆ. ಸುಮ್ಮನೆ ಬಾಯಿ ಕೆಂಪಗಾಗಲಿ ಎಂದು ಹಾಕಿಕೊಳ್ಳುವುದು. ಮಗನ ಮದುವೆ, ನೆರೆಯವರ ಸ್ಕೂಟರು, ಸರಕಾರ, ಎಲ್ಲದರ ಬಗ್ಗೆಯೂ ನಾವು ಮೊದಲೇ ಹೇಳಿರುತ್ತೇವೆ. ಆದರೆ ಈ ಸಲ ಉಗುಳಿದ ಕೆಂಪು ಬೇರೆಯವರ ಸೀರೆಯ ಮೇಲೆ ಬಿತ್ತು. ಸಾಹೇಬರು ನನ್ನ ಮಾತನ್ನು ನಂಬುವವರು. ಅವತ್ತಿನಿಂದ ಚೈತ್ರಾ ಅವರ ಬಾಯಲ್ಲಿ ‘ಅವಸರದ ಹುಡುಗಿ’ ಆದಳು. ವಾರದೊಳಗೆ ಸರಿಹೋಗದಿದ್ದರೆ ಹಳೆಯ ಸಾಫ್ಟ್‌ವೇರೂ ವಾಪಸ್, ಹುಡುಗಿಯೂ ವಾಪಸ್ ಎಂದು ಎಲ್ಲರ ಮುಂದೆ ಹೇಳಿಬಿಟ್ಟರು.

ಪಾಪ, ಅವಳು ಮಾಡದ ಉಪಾಯವಿಲ್ಲ. ‘ಡೇಟಾಬೇಸ್ ಅಂದ್ರೆ ದೊಡ್ಡ ಗೋಡೌನ್ ಅಂದ್ಕೊಳ್ಳಿ ಅಂಕಲ್. ನಿಮ್ಮ ಎಲ್ಲಾ ದೂರೂ ಅದ್ರಲ್ಲಿ ಇರ್ತವೆ. ಯಾವುದು ಎಲ್ಲಿದೆ ಅಂತ ಹುಡುಕೋಕೆ ಯಾಕೋ ಲೇಟ್ ಆಗ್ತಿದೆ’ ಎಂದು ನನಗೂ ತಿಳಿಸಿ ಹೇಳಿದಳು. ಗೋಡೌನಿಗೆ ಜಾಗ ಹೆಚ್ಚಿಸಿದಳು. ಹುಡುಕುವ ಸೂಚಿಯನ್ನು ಹೊಸದಾಗಿ ಕಟ್ಟಿದಳು. ಸಾಫ್ಟ್‌ವೇರ್ ಮಾರಿದವರಿಗೆ ಫೋನ್ ಮಾಡಿದಳು. ಅವರು, ಬೇರೆ ಎಲ್ಲಾ ಕಡೆ ಚೆನ್ನಾಗಿ ಓಡುತ್ತಿದೆ ಅಂದರು. ವಿಚಿತ್ರವೆಂದರೆ ಅವಳು ಟೈಪ್ ಮಾಡಿದರೆ ಓಡುತ್ತಿತ್ತು. ನಾನು ಮತ್ತು ನನ್ನ ಅಕ್ಕಪಕ್ಕದ ಇಬ್ಬರು ಟೈಪ್ ಮಾಡಿದರೆ ಚಕ್ರ. ನಮ್ಮ ಕಂಪ್ಯೂಟರು ಬದಲಾದವು, ಕೇಬಲ್ಲು ಬದಲಾಯಿತು. ಯಾರೋ ನನ್ನ ಕುರ್ಚಿಯನ್ನೂ ಬದಲಿಸಿದರು. ಅದರಿಂದ ಬೆನ್ನುನೋವು ಕಡಿಮೆಯಾಯಿತು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ.

ಕೊನೆಗೆ ಅವಳು ನನ್ನ ಪಕ್ಕದಲ್ಲೇ ಬಂದು ಕೂತಳು. ‘ಅಂಕಲ್, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಒಂದು ಸುಳ್ಳು ದೂರು ಟೈಪ್ ಮಾಡಿ ತೋರ್ಸಿ.’

ಮಾಡಿ ತೋರಿಸಿದೆ. ಚಕ್ರ ಬರಲೇ ಇಲ್ಲ. ಇನ್ನೊಂದು ಮಾಡಿದೆ. ಅದೂ ಮಿಂಚಿನ ಹಾಗೆ ಹೋಯಿತು.

‘ನೋಡಿ, ನಿಮ್ಮ ಕೈಲೂ ಓಡ್ತಿದೆ!’ ಎಂದು ಅವಳು ಚಪ್ಪಾಳೆ ತಟ್ಟಿದಳು. ಅವಳು ಎದ್ದು ಹೋಗುವಷ್ಟರಲ್ಲಿ ನಿಜವಾದ ಫೋನು ಬಂತು, ನಾನು ಟೈಪ್ ಮಾಡಿದೆ, ಚಕ್ರ ತಿರುಗಿತು. ಅರ್ಧ ದಾರಿಯಲ್ಲಿ ತಿರುಗಿ ನೋಡಿದ ಅವಳ ಮುಖವನ್ನು ನಾನು ಮರೆಯಲಾರೆ.

ಮರುದಿನ ದೌಂಡ್ ಕಡೆಯ ಡೇರಿಯವರೊಬ್ಬರ ಫೋನು. ಟ್ಯಾಂಕು ಬಂದ್ ಆಗಿದೆ, ಹಾಲು ಬಿಸಿಯಾಗುತ್ತಿದೆ ಎಂದು ಅವರು ಕೂಗಿದ ರೀತಿಗೆ ನಾನು ಗಾಬರಿಯಾಗಿ ನೇರವಾಗಿ ‘ಟ್ಯಾಂಕ್ ಬಂದ್’ ಎಂದು ಟೈಪ್ ಮಾಡಿದೆ. ಟಿಕೆಟ್ ತಕ್ಷಣ ಆಗಿಹೋಯಿತು. ಏನೋ ಒಂದು ಬಿಟ್ಟಂತಾಯಿತಲ್ಲ ಎಂದು ನೋಡಿದರೆ, ಶ್ರೀಕಾರ ಹಾಕಿರಲಿಲ್ಲ.

ಏನೇ ಬರೆಯುವ ಮೊದಲೂ ಶ್ರೀ ಎಂದು ಬರೆಯುವುದು ನಮ್ಮಪ್ಪ ಕಲಿಸಿದ ಪಾಠ. ಕಿರಾಣಿ ಚೀಟಿಯಿಂದ ಲಗ್ನಪತ್ರಿಕೆಯವರೆಗೆ ನಮ್ಮ ಮನೆಯಲ್ಲಿ ಎಲ್ಲಕ್ಕೂ ನೆತ್ತಿಯ ಮೇಲೆ ಶ್ರೀ. ಎಸ್ಸೆಸ್ಸೆಲ್ಸಿಯ ಗಣಿತದ ಉತ್ತರಪತ್ರಿಕೆಯಲ್ಲಿ ನಾನು ನಿಸ್ಸಂಶಯವಾಗಿ ಸರಿ ಬರೆದದ್ದು ಅದೊಂದನ್ನೇ. ಕಾಗದ ಹೋಗಿ ಕಂಪ್ಯೂಟರು ಬಂದಾಗ ಕೈ ತಾನಾಗಿ ಅಲ್ಲಿಯೂ ಶ್ರೀ ಒತ್ತಿತು. ಪಕ್ಕದ ಇಬ್ಬರಿಗೂ ಕಲಿಸಿದೆ. ಪುಣೆಯವರಿಗೂ ಈ ರೂಢಿ ಹೊಸದಲ್ಲ, ಯಾರೂ ಯಾಕೆ ಅನ್ನಲಿಲ್ಲ. ಹಾಗಾದರೆ ಚೈತ್ರಾಳ ಮುಂದೆ ಟೈಪ್ ಮಾಡುವಾಗ? ಅವು ಸುಳ್ಳು ದೂರುಗಳು. ಸುಳ್ಳಿನ ತಲೆಯ ಮೇಲೆ ದೇವರ ಹೆಸರು ಹಾಕುವುದುಂಟೆ? ಹಾಕಿರಲಿಲ್ಲ.

ಮುಂದಿನ ದೂರಿಗೆ ಶ್ರೀ ಹಾಕಿ ನೋಡಿದೆ, ಚಕ್ರ. ಅದರ ಮುಂದಿನದಕ್ಕೆ ಬಿಟ್ಟು ನೋಡಿದೆ, ಚಕ್ರವಿಲ್ಲ. ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಚೈತ್ರಾ ತಲೆಗೆ ಕೈಹೊತ್ತು ಕೂತಿದ್ದಳು. ಎದ್ದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಕನ್ನಡಕ ಒರೆಸಿಕೊಂಡೆ, ನೀರು ಕುಡಿದೆ, ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದೆ. ಕಾಕಾನ ಭಕ್ತಿಯಿಂದ ಕಂಪನಿಯೇ ನಿಂತುಹೋಗಿತ್ತು ಎಂದು ಇಡೀ ಆಫೀಸು ನಗುತ್ತದಲ್ಲ, ಅದು ಒಂದು. ಹುಡುಗಿಯ ಅವಸರ ಎಂದು ನಾನೇ ಸೀಲು ಹೊಡೆದ ಮಾತನ್ನು ನಾನೇ ನುಂಗಬೇಕಲ್ಲ, ಅದು ಇನ್ನೊಂದು.

ಮನೆಯಲ್ಲಿ ತಾಟಿನಲ್ಲಿ ಭಕ್ಕರಿ ಹಾಗೇ ಉಳಿಯಿತು. ನಮ್ಮ ಮನೆಯಾಕೆ ಸುಮಿತ್ರಾ, ‘ಯಾಕ್ರೀ, ಬದನಿಕಾಯಿ ಪಲ್ಯಾ ಸೇರಲಿಲ್ಲೇನು?’ ಅಂದಳು. ಶ್ರೀಕಾರದ ಕತೆ ಹೇಳಿದೆ.

‘ಅಷ್ಟ ಹೌದಲ್ರಿ? ಅದರಾಗ ನಿಮ್ಮದೂ ತಪ್ಪಿಲ್ಲ, ದೇವರದೂ ತಪ್ಪಿಲ್ಲ. ನಾಳೆ ಹೇಳಿಬಿಡ್ರಿ. ನಕ್ಕರ ನಗಲಿ ಬಿಡ್ರಿ’ ಅಂದಳು.

ಆಮೇಲೆ ಸಾಹೇಬರಿಗೆ ನಾನು ಹೇಳಿದ ಮಾತನ್ನೂ ಹೇಳಿದೆ. ಅವಳ ಕೈಯ ಸೌಟು ನಿಂತಿತು.

‘ಅಂದ್ರ ಆ ಹುಡುಗಿ ಮ್ಯಾಲ ಸುಳ್ಳ ಹೇಳೀರಿ.’

‘ಚ್ಯಾಷ್ಟಿಗೆ ಅಂದಿದ್ದೆ.’

‘ಚ್ಯಾಷ್ಟಿಗೆ ಅಂದಿದ್ರ ಆಕಿ ನಕ್ಕಳೇನ್ರಿ?’

ನಾನು ಭಕ್ಕರಿಯನ್ನು ಮುಚ್ಚಿಟ್ಟು ಕೈ ತೊಳೆದೆ.

ಬೆಳಿಗ್ಗೆ ನಾನು ಸೀದಾ ಸಾಹೇಬರ ಕೋಣೆಗೆ ಹೋದೆ. ಚೈತ್ರಾ ಅಲ್ಲೇ ಇದ್ದಳು. ಹಳೆಯ ಸಾಫ್ಟ್‌ವೇರಿಗೆ ವಾಪಸ್ ಹೋಗುವ ಮಾತು ನಡೆದಿತ್ತು. ‘ಒಂದು ನಿಮಿಷ’ ಎಂದು ಅವಳ ಲ್ಯಾಪ್‌ಟಾಪಿನಲ್ಲೇ ಶ್ರೀ ಬರೆದು ತೋರಿಸಿದೆ, ಬರೆಯದೆ ತೋರಿಸಿದೆ. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು.

‘ಅಂಕಲ್! ಆ ಶ್ರೀನ ನೀವು ಕೈಲಿ ಟೈಪ್ ಮಾಡ್ತೀರಾ? ಹಳೇ ದೂರುಗಳಲ್ಲೆಲ್ಲ ಇತ್ತಲ್ಲ, ಸಾಫ್ಟ್‌ವೇರೇ ಹಾಕುತ್ತೆ ಅಂದ್ಕೊಂಡಿದ್ದೆ ನಾನು!’

ಆಮೇಲೆ ವಿಷಯ ಬಿಡಿಸಿ ಹೇಳಿದಳು. ಹೊಸ ಸಾಫ್ಟ್‌ವೇರಿಗೆ ಒಂದು ಜಾಣತನ ಕಲಿಸಿದ್ದಾರಂತೆ. ದೂರಿನ ಮೊದಲ ಪದ ಬರೆದ ಕೂಡಲೇ, ಅದೇ ಪದದಿಂದ ಶುರುವಾಗುವ ಹಳೆಯ ದೂರುಗಳನ್ನೆಲ್ಲ ಹುಡುಕಿ ತಂದು ಪಕ್ಕದಲ್ಲಿಡುವುದು, ಹಿಂದೆ ಹೇಗೆ ರಿಪೇರಿ ಮಾಡಿದ್ದರು ಎಂದು ನೋಡಿಕೊಳ್ಳಲಿ ಎಂದು. ಒಳ್ಳೆಯ ಉದ್ದೇಶವೇ. ಆದರೆ ನಾನು ಶ್ರೀ ಅಂದ ಕೂಡಲೇ ಅದು ಇಷ್ಟು ವರ್ಷ ನಾವು ಶ್ರೀ ಅಂದದ್ದನ್ನೆಲ್ಲ ಗೋಡೌನಿನಿಂದ ಹೊತ್ತು ತರುತ್ತಿತ್ತು. ಇಡೀ ಗೋಡೌನೇ ಹೊರಗೆ ಬಂದ ಹಾಗೆ. ಸಾಹೇಬರು ಟೇಬಲ್ ಬಡಿದು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನೂ ನಕ್ಕೆ. ನಗಿಸುವ ತಪ್ಪನ್ನು ಒಪ್ಪಿಕೊಳ್ಳುವುದು ಹಬ್ಬದೂಟದಷ್ಟು ಸುಲಭ. ಅಲ್ಲಿಗೇ ನಿಲ್ಲಿಸಿ ಹೊರಗೆ ಬರಲು ಕಾಲು ತಿರುಗಿತ್ತು ಕೂಡ.

‘ಇನ್ನೊಂದು ಮಾತಿದೆ’ ಅಂದೆ. ‘ಅವಸರ ಬೇಡ ಅಂತ ನಾನು ಈ ಹುಡುಗಿಗೆ ಹೇಳಿರಲಿಲ್ಲ. ನಾನೇ ಅವಸರ ಮಾಡಿಸಿದ್ದೆ. ನಿಮ್ಮ ಮುಂದೆ ಸುಳ್ಳು ಹೇಳಿದೆ.’

ಸಾಹೇಬರ ನಗು ನಿಂತಿತು. ಪೆನ್ನಿನ ಮುಚ್ಚಳ ಹಾಕಿದರು. ಚೈತ್ರಾ ನನ್ನ ಕಡೆ ನೋಡದೆ ಅಂದಳು: ‘ನಾನು ಅವಸರ ಮಾಡ್ಬಿಟ್ನೇನೋ ಅಂತ ನನಗೇ ಅನ್ನಿಸೋಕೆ ಶುರುವಾಗಿತ್ತು ಅಂಕಲ್.’

‘ತಪ್ಪಾತವಾ’ ಅಂದೆ. ಅದಕ್ಕಿಂತ ದೊಡ್ಡ ಮಾತು ನನ್ನಲ್ಲಿರಲಿಲ್ಲ. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಕೆಲಸಕ್ಕೆ ಹೋದಳು. ಎರಡು ದಿನ ನನ್ನ ಡಬ್ಬಿಯ ಚಟ್ನಿ ಹಾಗೇ ವಾಪಸ್ ಬಂತು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಬಂದು ಕೂತು, ‘ಇವತ್ತೇನು ತಂದಿದ್ದೀರಾ?’ ಅಂದಳು. ನಾನು ಡಬ್ಬಿಯನ್ನೇ ಅವಳ ಮುಂದೆ ಸರಿಸಿದೆ.

ಶ್ರೀಯನ್ನು ಅವಳು ತೆಗೆಸಲಿಲ್ಲ. ಹುಡುಕುವಾಗ ಆ ಪದವನ್ನು ಬಿಟ್ಟು ಮುಂದಿನದನ್ನು ನೋಡು ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಳು.

‘ನೀವು ಬರೀರಿ ಅಂಕಲ್. ಅದು ನೋಡಿದ್ರೂ ನೋಡದ ಹಾಗೆ ಮುಂದೆ ಹೋಗುತ್ತೆ. ದೇವರಿಗೆ ಬೇಜಾರಾಗಲ್ಲ ತಾನೆ?’

‘ದೇವರಿಗೆ ಅದು ರೂಢಿ ಅದವಾ. ಮನಷ್ಯಾರೂ ಹಂಗ ಹೋಗತಾರಲ್ಲ’ ಅಂದೆ.

ಆ ವಾರವೇ ಅವಳ ಕೆಲಸ ಕಾಯಂ ಆಯಿತು. ಸಾಹೇಬರು ಎಲ್ಲರ ಮುಂದೆ ಬಯ್ದವರು ಎಲ್ಲರ ಮುಂದೆಯೇ ಹೊಗಳಿದರು. ಪೇಢೆಯ ಡಬ್ಬಿ ಹಂಚುತ್ತ ಬಂದ ಅವಳು ನನಗೆ ಎರಡು ಕೊಟ್ಟಳು. ಆ ದಿನ ಬಸ್ಸಿನಲ್ಲಿ ಸ್ವಾರ್‌ಗೇಟ್ ಬರುವುದರೊಳಗೆ ನಿದ್ದೆ ಹತ್ತಿ, ನನ್ನ ಸ್ಟಾಪು ದಾಟಿ ಕಾತ್ರಜ್ ತನಕ ಹೋಗಿಬಿಟ್ಟಿದ್ದೆ. ಅಷ್ಟು ಹಗುರಾಗಿತ್ತು ತಲೆ.

ಹೆಲ್ಪ್ ಡೆಸ್ಕಿನಲ್ಲಿ ಕೂರುವವರಿಗೆ ಮೊದಲು ಕಲಿಸುವುದು ತಪ್ಪು ಒಪ್ಪಿಕೊಳ್ಳಬೇಡಿ ಎಂಬುದನ್ನೇ. ನೆಟ್‌ವರ್ಕ್ ಅನ್ನಿ, ಕರೆಂಟ್ ಅನ್ನಿ, ಮೇಲಿನವರು ಅನ್ನಿ. ಮೊನ್ನೆ ಬಾರಾಮತಿ ಹತ್ತಿರದ ಹಾಲಿನ ಸೆಂಟರಿನ ಶಿಂದೆ ಎಂಬವರು ಫೋನ್ ಮಾಡಿ, ಆಗ ನಿಮ್ಮ ಟಿಕೆಟ್ ತಡವಾಗಿ ನಮ್ಮ ಹಾಲು ಕೆಟ್ಟಿತು ಎಂದು ಹಳೆಯ ಸಿಟ್ಟನ್ನೆಲ್ಲ ಬಿಚ್ಚಿದರು. ನೆಟ್‌ವರ್ಕ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ‘ತಡವಾದದ್ದು ನನ್ನ ತಪ್ಪಿನಿಂದ ಶಿಂದೆಯವರೇ. ಬೇರೆ ಯಾರದೂ ಅಲ್ಲ’ ಅಂದೆ.

ಆ ಕಡೆ ಬೈಗುಳ ಅರ್ಧಕ್ಕೇ ನಿಂತಿತು. ಎಮ್ಮೆಯೊಂದು ಕೂಗಿದ್ದು ಕೇಳಿಸಿತು. ಆಮೇಲೆ ಶಿಂದೆಯವರು ಧ್ವನಿ ತಗ್ಗಿಸಿ ಮಾತಾಡಿದರು.

‘ಕಾಕಾ, ನಿಜ ಹೇಳಲಾ? ಅವತ್ತು ಟ್ಯಾಂಕು ಕೆಟ್ಟಿರಲಿಲ್ಲ. ಸ್ವಿಚ್ ಹಾಕುವುದನ್ನು ನಾನೇ ಮರೆತಿದ್ದೆ.’