ಬದಲಿ ಎಂಬ ಮಾತು

ನಬಿಸಾಬ್ ದಿನಾ ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಕಲಬುರಗಿಗೆ ಬಂದು, ಕೋಟನೂರಿನ ಆಚೆಯ ಬೇಳೆ ಮಿಲ್ಲಿನಲ್ಲಿ ತೊಗರಿಯ ಸಿಪ್ಪೆ ಸುಲಿಯುವ ರೋಲರ್ ನಡೆಸುತ್ತಿದ್ದ. ಆ ರೋಲರಿಗೆ ಇನ್ನೊಬ್ಬರು ಕೈ ಹಚ್ಚಿದ್ದನ್ನು ಯಾರೂ ಕಂಡಿಲ್ಲ. ಸಂಜೆ ಮನೆ ಮುಟ್ಟಿದರೆ ತಾಯಿ ಚಾಂದಬಿ ಮೊದಲು ಅವನ ಚೀಲ ಎತ್ತಿ ನೋಡುವಳು. ಬುತ್ತಿ ಹಗುರವಿದ್ದರೆ ಮಗ ಉಂಡಿದ್ದಾನೆ, ಅಂದರೆ ಕೆಲಸ ಇದೆ ಎಂದು ಸಮಾಧಾನ.

ಸುಮ್ಮನೆ ಬಂದ ರೂಢಿ ಅಲ್ಲ ಇದು. ಅವಳ ಗಂಡ ಹುಸೇನಸಾಬ್ ಕಲಬುರಗಿಯ ಹಳೆಯ ಬಟ್ಟೆ ಗಿರಣಿಯೊಂದರಲ್ಲಿ ಬದಲಿ ಕಾರ್ಮಿಕ. ಕಾಯಂ ಇದ್ದವರು ಯಾರಾದರೂ ಬರದಿದ್ದರೆ ಇವನು ಒಳಗೆ, ಇಲ್ಲವಾದರೆ ಗೇಟಿನಿಂದಲೇ ವಾಪಸ್. ಬಿಚ್ಚದ ಬುತ್ತಿಯನ್ನು ತಂದು ಮಕ್ಕಳ ಮುಂದಿಟ್ಟು, ತನಗೆ ಹಸಿವಿಲ್ಲ ಎನ್ನುತ್ತಿದ್ದ. ಗಿರಣಿ ಮುಚ್ಚಿದಾಗಲೂ ಬದಲಿ, ಸತ್ತಾಗಲೂ ಬದಲಿ. ಆ ಹಸಿವಿಲ್ಲದ ಮುಖವನ್ನು ನಬಿಸಾಬ್ ಮರೆತಿರಲಿಲ್ಲ.

ಹೀಗಿರುವಾಗ ಮಿಲ್ಲಿಗೆ ಕೆಲಸಗಾರರನ್ನು ನೋಡಿಕೊಳ್ಳಲು ಭುವನೇಶ್ವರಿ ಎಂಬ ಹೊಸ ಮೇಡಂ ಬಂದಳು. ಎಲ್ಲರನ್ನೂ ಕೂಡಿಸಿ ಹೇಳಿದಳು: "ಆರ್ಡರು ಒಮ್ಮೆ ತೊಗರೀದು, ಒಮ್ಮೆ ಕಡ್ಲೀದು. ಒಬ್ಬರು ಒಂದೇ ಕೆಲಸ ಹಿಡಕೊಂಡು ಕುಂತರ ನಡ್ಯಾಂಗಿಲ್ಲ. ಎಲ್ಲಾರೂ ಎರಡೆರಡು ಮಷಿನ್ ಕಲೀರಿ. ಇನ್ನಮ್ಯಾಲ ಒಬ್ಬರಿಗೊಬ್ಬರು ಬದಲಿ."

ಪಾಪ, ಒಳ್ಳೆಯದಕ್ಕೇ ಹೇಳಿದ್ದಳು. ಆದರೆ ಅವಳು ಹುಟ್ಟುವ ಮೊದಲೇ ಗಿರಣಿ ಮುಚ್ಚಿ, ಪಾಳಿಗೆ ಕರೆಯುವ ಅದರ ಭೋಂಗಾ ಕೂಗುವುದು ನಿಂತಿತ್ತು. ಆ ಮಾತು ಯಾರಿಗೆ ಎಲ್ಲಿ ಚುಚ್ಚುತ್ತದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ನಬಿಸಾಬ್ ಎದ್ದು ನಿಂತ.

"ನಾ ಬದಲಿ ಆಗಾಂಗಿಲ್ರೀ ಮೇಡಂ. ನಮ್ಮಪ್ಪ ಆಗೇ ಸತ್ತಾನ."

"ಕೆಲಸ ಅದಲುಬದಲು ಅಷ್ಟೇ ಕಾಕಾ. ಯಾರನ್ನೂ ತೆಗ್ಯಾಂಗಿಲ್ಲ," ಎಂದಳು ಆಕೆ. ಅದು ಅವನ ಕಿವಿಗೆ ಇಳಿಯಲಿಲ್ಲ.

ಜರಡಿಯ ಕೆಲಸದ ಚಂದಮ್ಮ ರೋಲರ್ ಕಲಿಯಬೇಕೆಂದಾಯಿತು. ಅವಳು ಬಂದು ನಿಂತರೆ ಸಾಕು, ನಬಿಸಾಬ್ ಬೆನ್ನು ತಿರುಗಿಸುತ್ತಿದ್ದ. "ದೂರ ನಿಲ್ಲು, ಕೈ ಹೋದೀತು," ಎನ್ನುತ್ತಿದ್ದ. ಅವಳ ಕೈಯ ಬಗ್ಗೆ ಅವನಿಗೇನು ಅಷ್ಟು ಕಾಳಜಿ ಇರಲಿಲ್ಲ ಬಿಡಿ. ತನ್ನ ಜಾಗ ಹೋದೀತೆಂಬ ಹೆದರಿಕೆ.

ಒಂದು ಮುಂಜಾನೆ ಚಾಂದಬಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಫೋನು ಬಂದದ್ದೇ, "ರೋಲರ್ ಮುಟ್ಟಬ್ಯಾಡ್ರಿ" ಎಂದು ಕೂಗಿ ನಬಿಸಾಬ್ ಓಡಿದ. ತಾಯಿಗೆ ಪ್ಲಾಸ್ಟರ್ ಹಾಕಿಸಿ, ಮನೆಗೆ ಕರೆತಂದು, ತಿರುಗಿ ಹೊರಡುವಷ್ಟರಲ್ಲಿ ಎರಡು ದಿನ ಕಳೆದಿದ್ದವು. ರೋಲರ್ ನಿಂತೇ ಇದೆ ಎಂಬ ಸುದ್ದಿ ಬಸ್ಸಿನಲ್ಲೇ ಸಿಕ್ಕಿತು. ಅವನಿಗೆ ಒಳಗೊಳಗೇ ಹಿಗ್ಗು. ತಾನಿಲ್ಲದೆ ಮಿಲ್ ನಡೆಯದು. ಇನ್ನು ಯಾರು ತನ್ನನ್ನು ಬದಲಿ ಎಂದಾರು?

ಗೇಟಿನ ಹೊರಗೆ ಚಂದಮ್ಮ ಕೂತಿದ್ದಳು, ತೊಡೆಯ ಮೇಲೆ ಬುತ್ತಿ. ತೊಗರಿ ಸುಲಿಯದೆ ಜರಡಿಗೆ ಏನು ಹಾಕುವುದು? ದಿನಗೂಲಿ ಹೆಂಗಸರನ್ನೆಲ್ಲ ಎರಡೂ ದಿನ ಅಲ್ಲಿಂದಲೇ ತಿರುಗಿ ಕಳಿಸಿದ್ದರು.

"ಇವತ್ತರ ಒಳಗ ಬಿಡ್ತಾರೇನ್ರಿ ಕಾಕಾ?" ಎಂದಳು. "ಎರಡೂ ದಿನ ಬುತ್ತಿ ಹಂಗೇ ವಾಪಸ್ ಒಯ್ದೇನಿ. ನನಗ ಹಸಿವಿಲ್ಲ ಅಂತ ಹುಡುಗರಿಗೇ ಉಣ್ಣಿಸೀನಿ."

ನಬಿಸಾಬ್ ಅವಳ ತೊಡೆಯ ಮೇಲಿನ ಬುತ್ತಿಯನ್ನೇ ನೋಡಿದ. ಅದೇ ಗೇಟು, ಅದೇ ಬುತ್ತಿ, ಅಪ್ಪನ ಅದೇ ಮಾತು. ಅವಳನ್ನು ಗೇಟಿಗೆ ನಿಲ್ಲಿಸಿದವನು ತಾನೇ ಎಂಬುದು ಅರಿವಾಗಿ, ನಾಚಿಕೆಗೆ ಮುಖ ಎತ್ತಲಾಗಲಿಲ್ಲ.

ಅವಳನ್ನು ಒಳಗೆ ಕರೆದೊಯ್ದು ರೋಲರಿನ ಮುಂದೆ ನಿಲ್ಲಿಸಿದ. ಕಾಳು ಬಿಡುವ ಹಿಡಿಕೆಯ ಮೇಲೆ ಅವಳ ಕೈ ಇರಿಸಿ, ಎಷ್ಟು ಬಿಡಬೇಕು, ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲ ಹೇಳಿಕೊಟ್ಟ. ಆಮೇಲೆ ತಾನು ಹೋಗಿ ಅವಳ ಜರಡಿ ಹಿಡಿದ.

ಮಧ್ಯಾಹ್ನ ಊಟದ ಹೊತ್ತಾದರೂ, ಮತ್ತೆ ನಿಂತೀತೆಂದು ಚಂದಮ್ಮ ರೋಲರ್ ಬಿಟ್ಟು ಸರಿಯಲೊಲ್ಲಳು. ನಬಿಸಾಬ್ ಜರಡಿಯಿಂದಲೇ ಕೂಗಿದ:

"ನಾ ನೋಡ್ಕೋತೀನಿ, ಬಿಡವ್ವ. ಮೊದಲ ಬುತ್ತಿ ಬಿಚ್ಚು."