ಕಾರಂಜಿಗೆ ಕುಂಕುಮ

ನೆನೆಸಿದ ಅವರೆಕಾಳು ಹಿದುಕುತ್ತ ಕೂತಿದ್ದೆ. ಈ ಕೆಲಸದಲ್ಲಿ ಒಂದು ಸುಖವಿದೆ. ಬೆರಳು ಒತ್ತಿದರೆ ಬೇಳೆ ಸಿಪ್ಪೆಯಿಂದ ಚಂಗನೆ ಹಾರಿ ಒಮ್ಮೆ ಪಾತ್ರೆಗೆ, ಒಮ್ಮೆ ದೇವರಮನೆಯ ಹೊಸಿಲಿಗೆ ಬೀಳುತ್ತದೆ. ಕೈ ತನ್ನ ಪಾಡಿಗೆ ದುಡಿಯುವಾಗ ಬಾಯಿಗೆ ದೇವರನಾಮ ಹೇಳಿಕೊಳ್ಳಲು ಬಿಡುವು. ನಾಮ ಇನ್ನೂ ಅರ್ಧದಲ್ಲಿರುವಾಗಲೇ ಫೋನ್ ಬಂತು. ನಮ್ಮ ಯಜಮಾನರ ಅಕ್ಕ, ಚಿಂತಾಮಣಿಯ ಅತ್ತಿಗೆ.

"ಏಮಮ್ಮಾ, ಬಸ್ಸು ಹತ್ತಿದೀನಿ. ನಿನ್ನ ಕಾರಂಜಿ ನೋಡ್ಕೊಂಡು ಹೋಗಣ ಅಂತ. ನೆನ್ನೆ ಅಷ್ಟೊಂದು ಹೊಗಳಿದ್ಯಲ್ಲ, ತುಳಸಿಕಟ್ಟೆ ಎತ್ತರಕ್ಕೆ ಹಾರುತ್ತೆ ಅಂತ."

ಹೊಗಳಿದ್ದು ನಿಜ. ಹಾರಿದ್ದೂ ನಿಜ. ಆದರೆ ಅದು ನಿನ್ನೆಯ ಮಾತು. ಇವತ್ತು ಬೆಳಗಿನಿಂದ ನನ್ನ ಕಾರಂಜಿ ಮೌನವ್ರತ ಹಿಡಿದು ಕೂತಿತ್ತು.

ಮೇಲೂರಿನ ನಮ್ಮ ಅಂಗಳಕ್ಕೆ ಬಿಸಿಲಿನಿಂದ ಓಡುವ ಕಾರಂಜಿ ಬೇಕೆಂದು ಹಟ ಹಿಡಿದವಳು ನಾನೇ. ಶಿಡ್ಲಘಟ್ಟದಲ್ಲಿ ಒಂದು ನಾಮಕರಣಕ್ಕೆ ಹೋದಾಗ ಅಂಥದ್ದನ್ನು ಕಂಡು, ಮಗುವನ್ನು ಎತ್ತಿಕೊಳ್ಳುವುದನ್ನೇ ಮರೆತು ನಿಂತಿದ್ದೆ. ಆರಿಸುವಾಗ ಮಾತ್ರ ಬುದ್ಧಿ ಖರ್ಚು ಮಾಡಿದೆ. ತಾವರೆ ಎಲೆಯ ಹಾಗೆ ನೀರಿನ ಮೇಲೆಯೇ ತೇಲುವ ಜಾತಿ ನೋಡಲು ಮುದ್ದು. ಆದರೆ ಅದು ಬಿಸಿಲಲ್ಲೇ ಇರಬೇಕು. ನನ್ನ ಕಲ್ಲುಬಾನಿ ಇರುವುದು ಸೀಬೆಮರದ ನೆರಳಿನಲ್ಲಿ. ಹಾಗಾಗಿ ಪಂಪು ಬೇರೆ, ಸೋಲಾರ್ ಪ್ಯಾನೆಲ್ ಬೇರೆ ಇರುವುದನ್ನು ತರಿಸಿದೆ. ಪ್ಯಾನೆಲ್ ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಲ್ಲಿ ಬೇಯುತ್ತದೆ, ನೀರು ನೆರಳಲ್ಲಿ ಕುಣಿಯುತ್ತದೆ. ನಮ್ಮಲ್ಲಿ ಎಷ್ಟೋ ಸಂಸಾರಗಳು ಹೀಗೆಯೇ ನಡೆಯುತ್ತವೆ.

ಆರೈಕೆಯಲ್ಲೂ ಕಡಿಮೆ ಮಾಡಲಿಲ್ಲ. ನಮ್ಮ ಬೋರ್‌ವೆಲ್ ನೀರು ಗಡಸು, ಕಾಯಿಸಿದ ಪಾತ್ರೆಯಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಕಟ್ಟುತ್ತದೆ. ಅದೇ ನೀರು ಕಾರಂಜಿಯ ಸಣ್ಣ ಮೂತಿಯನ್ನು ಬಿಡುತ್ತದೆಯೆ? ತೊಟ್ಟಿಯಲ್ಲಿ ಹಿಡಿದಿಟ್ಟಿದ್ದ ಮಳೆನೀರನ್ನು ಸೋಸಿ ತುಂಬಿದೆ. ಪಂಪು ಮುಳುಗಿಯೇ ಇರುವಂತೆ ನೋಡಿಕೊಂಡೆ. ನಿನ್ನೆ ನೀರು ಎದ್ದದ್ದೇ ಎದ್ದದ್ದು, ಗುಬ್ಬಿಗಳು ಬಂದವು, ಪಿಕಳಾರ ಬಂತು, ಪಾತ್ರೆ ತೊಳೆಯುವ ನೆವದಲ್ಲಿ ನಾನೂ ಹತ್ತು ಸಲ ಬಂದೆ. ದಿನಾ ಬೆಳಿಗ್ಗೆ ಬೊಗಸೆ ಎತ್ತಿ ಸೂರ್ಯನಿಗೆ ಅರ್ಘ್ಯ ಬಿಡುವವಳು ನಾನು. ಅದನ್ನೆಲ್ಲ ನೆನಪಿಟ್ಟುಕೊಂಡು ಅವನೇ ಒಂದು ಬೊಗಸೆ ವಾಪಸ್ ಎತ್ತಿ ಕೊಟ್ಟ ಹಾಗಿತ್ತು. ಕಣ್ಣು ತುಂಬಿ ಬಂತು. ನಗುವೂ ಬಂತು.

ಅಂಥದ್ದು ಇವತ್ತು ನಿಂತಿದೆ. ಯಜಮಾನರು ಹಿಪ್ಪುನೇರಳೆ ತೋಟದಿಂದ ಬಂದವರೇ ಅಟ್ಟದ ಮೇಲಿಂದ ಅದು ಬಂದ ರಟ್ಟಿನ ಡಬ್ಬವನ್ನು ಇಳಿಸಿದರು.

"ಕೊರಿಯರ್‌ನವರಿಗೆ ಫೋನ್ ಮಾಡಿದೀನಿ. ಅಕ್ಕ ಬಂದು ನೋಡೋ ಹೊತ್ತಿಗೆ ಇದು ಏಳಲಿಲ್ಲ ಅಂದ್ರೆ ವಾಪಸ್ಸೇ. ಕೆಟ್ಟೋಗಿರೋದನ್ನ ಇಟ್ಕೊಂಡು ಏನು ಮಾಡಾದು?"

ಅವರು ಪಂಪು ಎತ್ತಿ ನೋಡಿದರು, ವೈರು ಹಿಡಿದುಕೊಂಡು ಗೋಡೆಯ ತನಕ ನಡೆದರು. ಅಲ್ಲಿ ನಿಂತುಬಿಟ್ಟರು.

ಟ್ರ್ಯಾಕ್ಟರಾಗಲಿ ಮಿಕ್ಸಿಯಾಗಲಿ, ಮನೆಗೆ ಹೊಸದು ಬಂದರೆ ಪೂಜೆ ಮಾಡದೆ ಬಳಸಿ ನಮಗೆ ಗೊತ್ತಿಲ್ಲ. ನಿನ್ನೆ ಆತುರಕ್ಕೆ ಮಾಡದೆ ಉಳಿದದ್ದನ್ನು ಈ ಬೆಳಿಗ್ಗೆ, ಶುಕ್ರವಾರವೂ ಆಗಿತ್ತಲ್ಲ, ಸಾಂಗವಾಗಿ ಮುಗಿಸಿದ್ದೆ. ಕಾರಂಜಿಯ ಮೂತಿಗೆ ಇಟ್ಟರೆ ನೀರಲ್ಲಿ ಕದಡುತ್ತದೆ. ಪ್ಯಾನೆಲ್ಲೋ, ಅಗಲವಾದ ಬರಿ ಹಣೆಯ ಹಾಗೆ ಕಾದು ಕೂತಿತ್ತು. ಮೂರು ಪಟ್ಟೆ ವಿಭೂತಿ, ಕಲಸಿದ ಅರಿಶಿನ, ಅದರ ಮೇಲೆ ಧಾರಾಳವಾಗಿ ಕುಂಕುಮ, ಮೇಲೊಂದು ಮೊಳ ಸೇವಂತಿಗೆ. ಸೂರ್ಯ ಕೆಳಗಿಳಿದು ಹುಡುಕಿದ್ದರೂ ಪ್ಯಾನೆಲ್ ಸಿಗುತ್ತಿರಲಿಲ್ಲ.

"ಬಿಸಿಲು ತಿನ್ನೋ ಬಾಯಿಗೆ ಹೂವ ತುರುಕಿದೀಯಲ್ಲೇ. ಒರೆಸಾಕು."

"ಶುಕ್ರವಾರ ಕುಂಕುಮ ಒರೆಸೋದಾ? ಬಿಡ್ತು ಅನ್ನಿ."

ಅಷ್ಟರಲ್ಲಿ ಅತ್ತಿಗೆ ಗೇಟು ತೆಗೆದರು. ಸಂಗತಿ ಕೇಳಿದರು. ಮಡಿ ಮೈಲಿಗೆಯಲ್ಲಿ ಅವರ ಮುಂದೆ ನಾನು ಬರೀ ಬಾಲವಾಡಿ.

"ಒರೆಸಿದ್ರೆ ನೋಡು ಮತ್ತೆ. ಮುತ್ತೈದೆಯರ ಮನೆ ಇದು. ಹೊತ್ತು ಮುಳುಗಲಿ, ಹೂವು ತಾನಾಗೇ ಬಾಡಲಿ, ಆಮೇಲೆ ತೆಗಿ."

"ಹೊತ್ತು ಮುಳುಗಿದ ಮೇಲೆ ಬಿಸಿಲನ್ನ ನಿನ್ನ ಚಿಂತಾಮಣಿಯಿಂದ ತರಿಸಾದಾ ಅಕ್ಕ?" ಎಂದು ಯಜಮಾನರು ಡಬ್ಬದ ತಳಕ್ಕೆ ಟೇಪು ಹಚ್ಚತೊಡಗಿದರು.

ಆ ಟೇಪಿನ ಪರಪರ ಸದ್ದು ಕೇಳುತ್ತ ನಿಂತವಳಿಗೆ ಗುಡಿಯ ಬೆಳಗು ಕಣ್ಣಿಗೆ ಕಟ್ಟಿತು. ನಿನ್ನೆಯ ಗಂಧ, ಕುಂಕುಮ, ಹೂವು ಎಲ್ಲ ದೇವರ ಮೈಮೇಲಿಂದ ದಿನಾ ಇಳಿಯುತ್ತವೆ. ಯಾರಾದರೂ ಅದನ್ನು ಒರೆಸುವುದು ಅನ್ನುತ್ತಾರೆಯೆ? ಅಭಿಷೇಕ ಅನ್ನುತ್ತಾರೆ, ಕೆಳಗೆ ಕೈಯೊಡ್ಡಿ ತೀರ್ಥ ತೆಗೆದುಕೊಳ್ಳುತ್ತಾರೆ.

ಒಳಗೆ ಓಡಿ ತಾಮ್ರದ ಚೊಂಬು ತಂದೆ. ಹೂವನ್ನು ಕಣ್ಣಿಗೊತ್ತಿಕೊಂಡು ತುಳಸಿಗೆ ಏರಿಸಿದೆ. ಸೂರ್ಯನ ಹೆಸರುಗಳನ್ನು ಬಾಯಿಗೆ ಬಂದಷ್ಟು ಹೇಳುತ್ತ ಪ್ಯಾನೆಲ್ಲಿನ ಮೇಲೆ ನೀರು ಸುರಿದೆ. ಅಭಿಷೇಕ ನಡೆಯುವಾಗ ಅತ್ತಿಗೆ ಸುಮ್ಮನೆ ನಿಲ್ಲುವ ಹೆಂಗಸೇ ಅಲ್ಲ. ಇದ್ದಲ್ಲೇ ಕೈಮುಗಿದು ಭಕ್ತಿಯಿಂದ ತಲೆ ಬಾಗಿಸಿದರು. ಇದ್ದದ್ದು ಬಾನಿಯ ಪಕ್ಕದಲ್ಲಿ, ಬಾಗಿಸಿದ್ದು ಮೂತಿಯ ಮೇಲೆ.

ಅರಿಶಿನ ಇಳಿಯಿತು, ಕುಂಕುಮ ಇಳಿಯಿತು. ಪಂಪು ಒಮ್ಮೆ ಗೊರಕೆ ಹೊಡೆಯಿತು. ಮರುಗಳಿಗೆ ನೀರು ಎದ್ದು ಅತ್ತಿಗೆಯ ಕನ್ನಡಕ, ಹಣೆ, ತುರುಬು, ಹೊಸ ಸೀರೆಯ ಸೆರಗು ಎಲ್ಲವನ್ನೂ ಒಟ್ಟಿಗೆ ತೊಯ್ಯಿಸಿತು.

ಅತ್ತಿಗೆ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡು ನೀರನ್ನು ಬುಡದಿಂದ ತುದಿಯವರೆಗೆ ನೋಡಿದರು.

"ತುಳಸಿಕಟ್ಟೆಗಿಂತ ಒಂದು ಗೇಣು ಮೇಲೇ ಹಾರುತ್ತೆ ಕಣೋ," ಎಂದರು ತಮ್ಮನಿಗೆ. ಆಮೇಲೆ ಯಜಮಾನರ ಕೈಯಲ್ಲಿದ್ದ ಡಬ್ಬವನ್ನು ಕಿತ್ತುಕೊಂಡು, ನಾಲ್ಕೂ ಕಡೆ ಸೀಳಿ, ಒದ್ದೆ ನೆಲದ ಮೇಲೆ ಹಾಸಿ ಬಾನಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಇನ್ನು ವಾಪಸ್ ಕಳಿಸುವುದಾದರೆ ಅತ್ತಿಗೆಯನ್ನೂ ಎಬ್ಬಿಸಿ ಕಳಿಸಬೇಕಿತ್ತು. ಯಜಮಾನರು ಬೆರಳಿಗಂಟಿದ ಟೇಪನ್ನು ಬಿಡಿಸಿಕೊಳ್ಳುತ್ತ, ಕೊರಿಯರ್‌ನವರಿಗೆ ಬರಬೇಡಿ ಎಂದು ಹೇಳಲು ಫೋನ್ ತೆಗೆದರು.

ಆಗಾಗ ಪ್ಯಾನೆಲ್ಲಿನ ಧೂಳು ತೊಳೆಯಿರಿ ಎಂದು ಅದರ ಜೊತೆ ಬಂದ ಚೀಟಿ ಹೇಳುತ್ತದೆ. ನನಗೆ ಆ ತೊಂದರೆ ಇಲ್ಲ. ಶುಕ್ರವಾರ ಶುಕ್ರವಾರ ಅಭಿಷೇಕ ಇದ್ದೇ ಇದೆ. ಕುಂಕುಮ ಈಗ ಚೌಕಟ್ಟಿನ ಮೂಲೆಗೆ ಒಂದೇ ಬೊಟ್ಟು. ನಮ್ಮ ಭಕ್ತಿಗೆ ದೇವರು ಬೇಡ ಅನ್ನುವುದಿಲ್ಲ, ಆದರೆ ಅವನಿಗೂ ತನ್ನ ಕೆಲಸ ಮಾಡಲು ಸ್ವಲ್ಪ ಜಾಗ ಬಿಡಬೇಕು.

ಅವತ್ತು ಅತ್ತಿಗೆ ಏಳುವ ಲಕ್ಷಣ ಕಾಣಲಿಲ್ಲ. ಊಟಕ್ಕೆ ಒಬ್ಬರು ಹೆಚ್ಚಾದರು ಅಂದುಕೊಂಡು ನಾನು ಒಳಗೆ ಹೋಗಿ, ದೊಡ್ಡ ಪಾತ್ರೆ ಹುಡುಕಿ, ಮುದ್ದೆಗೆ ಎಸರಿಟ್ಟೆ.